ಹಳೆ ಕೀಲಿಯನ್ನು ಎಷ್ಟು ದಿನ ಇಟ್ಟುಕೊಳ್ಳಬೇಕು?

ಪ್ರಶ್ನೆ: ವಿ.ಸಿ. ನಾಲೆಯ ಕೊನೆಭಾಗದ 12 ತೂಬುಗಳಲ್ಲಿ ನೀರಿನ ಮಟ್ಟ ಅಳೆಯುವ ಸೆನ್ಸರ್ ಕೂರಿಸಿದ್ದೇವೆ. ಅಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ನೀರುಗಂಟಿ ವಾರಕ್ಕೊಮ್ಮೆ ಬೈಕಿನಲ್ಲಿ ಹೋದಾಗ ಅವರ ಬಳಿಯ ಪೆಟ್ಟಿಗೆ ವೈಫೈಯಲ್ಲಿ ಅಳತೆಗಳನ್ನು ತುಂಬಿಕೊಂಡು ಬಂದು ಮಂಡ್ಯದ ಸರ್ವರ್‌ಗೆ ಸೇರಿಸುತ್ತದೆ. ಎನ್‌ಕ್ರಿಪ್ಷನ್ ಕೀಲಿ ಬದಲಿಸಿದ ಮೇಲೆ ಮೂರು ತೂಬುಗಳ ಅಳತೆ ತೆರೆದುಕೊಳ್ಳುತ್ತಲೇ ಇಲ್ಲ. ತಪ್ಪು ಎಲ್ಲಿ? ಪೆಟ್ಟಿಗೆ ಕಳುವಾದರೆ ಏನು ಮಾಡಬೇಕು?
— ಓದುಗರೊಬ್ಬರು, ಮಳವಳ್ಳಿ

ಉತ್ತರ: ಹೊಸ ಕೀಲಿ ಹೊರಟ ದಿನವೇ ಸರ್ವರ್‌ನಲ್ಲಿ ಹಳೆಯದನ್ನು ಅಳಿಸಿರುವಂತಿದೆ. ಆ ಮೂರು ತೂಬುಗಳ ಅಳತೆಗಳು ಹಳೆ ಕೀಲಿಯಲ್ಲೇ ಬೀಗ ಹಾಕಿಕೊಂಡು ಆಗಿನ್ನೂ ದಾರಿಯಲ್ಲಿದ್ದವು. ಬ್ಯಾಕಪ್ ಇದ್ದರೆ ಇವತ್ತೇ ಹಳೆ ಕೀಲಿ ಮರಳಿ ಹಾಕಿ, ತೆರೆದುಕೊಳ್ಳುತ್ತವೆ.

ಮುಂದಕ್ಕೆ ಲೆಕ್ಕ ಹೀಗೆ ಹಿಡಿಯಿರಿ. ಎರಡು ವಾರ ಬೈಕ್ ಹೋಗದಿದ್ದರೂ ನಡೆಯಲೆಂದು ಒಂದು ಸಂದೇಶದ ಆಯುಸ್ಸು 21 ದಿನ ಎನ್ನೋಣ. ಹೊಸ ಕೀಲಿ ತೂಬಿಗೆ ಮುಟ್ಟಲು 21 ದಿನ. ಅದು ಮುಟ್ಟುವ ನಿಮಿಷದ ಮೊದಲು ಬೀಗ ಹಾಕಿದ ಅಳತೆ ಮಂಡ್ಯಕ್ಕೆ ಬರಲು ಇನ್ನೂ 21. ಒಟ್ಟು 42. ಹಾಗಾಗಿ ಹಳೆ ಕೀಲಿಯನ್ನು ತೆರೆಯುವುದಕ್ಕೆ ಮಾತ್ರ 45 ದಿನ ಇಟ್ಟುಕೊಳ್ಳಿ. ಯಾವ ಕೀಲಿ ಎಂದು ತಿಳಿಯಲು ಪ್ರತಿ ಸಂದೇಶದ ತಲೆಯಲ್ಲಿ ಒಂದು ಬೈಟ್‌ನ ಕೀಲಿಸಂಖ್ಯೆ ಇರಲಿ.

ವೆಬ್‌ಸೈಟ್‌ಗಳ ಸಂಪರ್ಕಕ್ಕೆ ಬೀಗ ಹಾಕುವ ಟಿಎಲ್‌ಎಸ್ ಇಲ್ಲಿ ನಡೆಯದು. ಅದಕ್ಕೆ ಎರಡೂ ತುದಿ ಒಂದೇ ಹೊತ್ತಿಗೆ ಮಾತಾಡಬೇಕು. ಸಂದೇಶವನ್ನೇ ಭದ್ರಪಡಿಸುವ ಕ್ರಮ 2022ರ ಇಂಟರ್‌ನೆಟ್ ಮಾನದಂಡ ದಾಖಲೆ ಆರ್‌ಎಫ್‌ಸಿ 9172ರಲ್ಲಿದೆ.

ಕೀಲಿ ಬದಲಾವಣೆಯನ್ನು ತಾರೀಖಿಗೆ ಕಟ್ಟಬೇಡಿ. ಸೆನ್ಸರ್‌ಗಳಲ್ಲಿ ಬಳಸುವ ಡಿಎಸ್3231 ಗಡಿಯಾರ ಚಿಪ್ ವರ್ಷಕ್ಕೆ ಸುಮಾರು ಒಂದು ನಿಮಿಷವಷ್ಟೇ ತಪ್ಪುತ್ತದೆ ನಿಜ, ಆದರೆ ವಿದ್ಯುತ್ ಜೊತೆಗೆ ಅದರ ಬಟನ್ ಸೆಲ್ಲೂ ಹೋದರೆ 2000ನೇ ಇಸವಿಗೆ ಮರಳುತ್ತದೆ. ಆಗ ಆ ಸೆನ್ಸರ್‌ಗೆ ಯಾವ ಹೊಸ ಕೀಲಿಯೂ ‘ಇನ್ನೂ ಜಾರಿಗೆ ಬಂದಿಲ್ಲ’. ತಾರೀಖಿನ ಬದಲು ಏರುತ್ತ ಹೋಗುವ ಕೀಲಿಸಂಖ್ಯೆ ಬಳಸಿ. ಹಿಂದಿನದಕ್ಕಿಂತ ದೊಡ್ಡದಿದ್ದರೆ ಮಾತ್ರ ಸೆನ್ಸರ್ ಒಪ್ಪಿಕೊಳ್ಳಲಿ.

ಇದಕ್ಕಿಂತ ಅಪಾಯದ ಮಾತೊಂದಿದೆ. ಎಇಎಸ್-ಜಿಸಿಎಂ ಎಂಬ ಎನ್‌ಕ್ರಿಪ್ಷನ್ ವಿಧಾನದಲ್ಲಿ ಒಂದೇ ಕೀಲಿಯೊಂದಿಗೆ ಅದೇ 96 ಬಿಟ್ ನಾನ್ಸ್ (ಪ್ರತಿ ಸಂದೇಶಕ್ಕೂ ಬೇರೆಯಾಗಿರಬೇಕಾದ ಸಂಖ್ಯೆ) ಎರಡು ಸಲ ಬಂದರೆ ಗುಟ್ಟೂ ಹೋಗುತ್ತದೆ, ಸುಳ್ಳು ಅಳತೆ ತೂರಿಸಲೂ ದಾರಿಯಾಗುತ್ತದೆ. ಬ್ಯಾಟರಿ ಕೈಕೊಟ್ಟು ನಾನ್ಸ್‌ನ ಎಣಿಕೆ ಸೊನ್ನೆಯಿಂದ ಶುರುವಾದರೆ ಆಗುವುದು ಇದೇ. 1000 ನಾನ್ಸ್ ಬಳಸುವ ಮೊದಲೇ ಅವುಗಳ ಮೇಲ್ಮಿತಿಯನ್ನು ವಿದ್ಯುತ್ ಹೋದರೂ ಅಳಿಯದ ಫ್ಲ್ಯಾಶ್ ಮೆಮೊರಿಯಲ್ಲಿ ಬರೆದಿಡಿ. ಮತ್ತೆ ಚಾಲೂ ಆದಾಗ ಎಣಿಕೆ ಅಲ್ಲಿಂದಲೇ ಮುಂದುವರಿಯಲಿ. ಕೆಲವು ಸಂಖ್ಯೆ ಪೋಲಾದರೂ ಚಿಂತೆಯಿಲ್ಲ.

ಪೆಟ್ಟಿಗೆಯಲ್ಲಿ ಕೀಲಿಯೇ ಇರಕೂಡದು. ಅದು ಬೀಗ ಹಾಕಿದ ಗಂಟು ಹೊರುವ ಸಾಧನ ಅಷ್ಟೆ. ಕಳುವಾದರೆ ಆ ವಾರದ ಅಳತೆ ಹೋಗುತ್ತದೆ, ಗುಟ್ಟು ಹೋಗದು. ಸರ್ವರ್‌ನಿಂದ ರಸೀದಿ ಬರುವವರೆಗೆ ಸೆನ್ಸರ್ ತನ್ನ ಪ್ರತಿ ಅಳಿಸದಿದ್ದರೆ ಅಳತೆಯೂ ಉಳಿಯುತ್ತದೆ. ಪ್ರತಿ ಸೆನ್ಸರ್‌ಗೂ ಬೇರೆಯೇ ತಾಯಿಕೀಲಿ ಇರಲಿ, ತೂಬಿಗೆ ಒಯ್ಯುವ ಮೊದಲೇ ಕಚೇರಿಯಲ್ಲಿ ಕೇಬಲ್ ಮೂಲಕ ತುಂಬಿಸಿ. ಮುಂದಿನ ಕೀಲಿಗಳು ಅದರಡಿ ಮುಚ್ಚಿಕೊಂಡು ಹೋಗಲಿ. ಹೀಗಿದ್ದರೆ ಸೆನ್ಸರ್ರೇ ಕಳುವಾದರೂ ಸರ್ವರ್‌ನಲ್ಲಿ ಒಂದು ಸಾಲು ಹೊಡೆದುಹಾಕಿದರಾಯಿತು. ಎಲ್ಲಕ್ಕೂ ಒಂದೇ ಕೀಲಿ ಇದ್ದರೆ ಉಳಿದ 11 ತೂಬುಗಳಿಗೂ ಕೇಬಲ್ ಹಿಡಿದು ಓಡಬೇಕು.