ಮಳೆಗಾಲದ ಮುಗ್ಗಲು ವಾಸನೆಗೆ ಡಿಫ್ಯೂಸರ್ ಇಟ್ಟರೆ ಮನೆಯ ಬಡ್ಜಿ ಹಕ್ಕಿಗಳಿಗೆ ತೊಂದರೆಯೇ?

ತೊಂದರೆ ಇದೆ. ಡಿಫ್ಯೂಸರ್ ಅಂದರೆ ಸುಗಂಧದ ಎಣ್ಣೆಯನ್ನು ಗಾಳಿಗೆ ಹರಡುವ ಸಾಧನ. ಹಕ್ಕಿ ಇರುವ ಮನೆಯಲ್ಲಿ ಎಸೆನ್ಷಿಯಲ್ ಆಯಿಲ್, ಅಂದರೆ ಗಿಡದಿಂದ ಇಳಿಸಿದ ಗಾಢ ಸುಗಂಧದ ಎಣ್ಣೆ, ಬೇಡವೇ ಬೇಡ. ಮುಂಬೈ ಹತ್ತಿರದ ಡೊಂಬಿವಲಿಯ ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲಂತೂ ಪಂಜರ ಪಕ್ಕದ ಕೋಣೆಗೆ ಸರಿಸಿದರೂ ಗಾಳಿ ಅದೇ ಅಲ್ವಾ?

ಕಾರಣ ಹಕ್ಕಿಯ ಉಸಿರಾಟದಲ್ಲಿದೆ. ನಮ್ಮ ಶ್ವಾಸಕೋಶಕ್ಕೆ ಹೋದ ಗಾಳಿ ಬಂದ ದಾರಿಯಲ್ಲೇ ವಾಪಸಾಗುತ್ತದೆ. ಹಕ್ಕಿಯಲ್ಲಿ ಹಾಗಲ್ಲ. ಅದರ ಮೈಯೊಳಗೆ ಗಾಳಿಚೀಲಗಳಿವೆ, ಹೆಚ್ಚಿನ ಹಕ್ಕಿಗಳಲ್ಲಿ 9. ಅವು ತಿದಿಯಂತೆ ಗಾಳಿಯನ್ನು ಶ್ವಾಸಕೋಶದ ಮೂಲಕ ಒಂದೇ ದಿಕ್ಕಿಗೆ ತಳ್ಳುತ್ತವೆ. ಹಾಗಾಗಿ ಉಸಿರು ಎಳೆದಾಗಲೂ ಬಿಟ್ಟಾಗಲೂ ಹೊಸ ಗಾಳಿ ಅಲ್ಲಿ ಹಾಯುತ್ತಲೇ ಇರುತ್ತದೆ. ಗಾಳಿಗೂ ರಕ್ತಕ್ಕೂ ನಡುವಿನ ಪೊರೆ ಬಹಳ ತೆಳು. ಹಾರಲು ಬೇಕಾದ ಆಮ್ಲಜನಕ ಸಿಗುವುದು ಹೀಗೆ. ಗಾಳಿಯಲ್ಲಿರುವ ಕೆಟ್ಟದ್ದೂ ಅಷ್ಟೇ ಸಲೀಸಾಗಿ ಒಳಸೇರುತ್ತದೆ. ಬಡ್ಜಿ ತೂಗುವುದೇ ಸುಮಾರು 30-40 ಗ್ರಾಂ, ನಮಗೆ ಹಿತವಾದ ಘಮ ಅದಕ್ಕೆ ಜಾಸ್ತಿಯೇ.

ನೀರಿನ ಡಿಫ್ಯೂಸರ್ ಎಣ್ಣೆಯ ಸಣ್ಣ ಹನಿಗಳನ್ನೂ ಹಾರಿಸುತ್ತದೆ. ಅವು ಗರಿಯ ಮೇಲೆ ಕೂರುತ್ತವೆ. ಕೊಕ್ಕಿನಿಂದ ಗರಿ ತೀಡುವಾಗ ಹೊಟ್ಟೆಗೂ ಹೋಗುತ್ತವೆ. ಟೀ ಟ್ರೀ, ನೀಲಗಿರಿ, ಪುದೀನ, ದಾಲ್ಚಿನ್ನಿ ಎಣ್ಣೆಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಬಾಟಲಿಯ ಮೇಲೆ ‘ನ್ಯಾಚುರಲ್’ ಅಂತ ಬರೆದಿದೆ ಎಂದು ಸುಮ್ನೆ ನಂಬಬೇಡಿ. ಅಗರಬತ್ತಿ, ಕರ್ಪೂರದ ಹೊಗೆಯೂ ಪಂಜರದ ಹತ್ತಿರ ಬೇಡ.

ಮುಗ್ಗಲಿಗೆ ಎಕ್ಸಾಸ್ಟ್ ಫ್ಯಾನ್ ಅಥವಾ ತೇವ ಹೀರುವ ಡಿಹ್ಯೂಮಿಡಿಫೈಯರ್ ಸಾಕು. ಹಕ್ಕಿ ಬಾಯಿ ತೆರೆದು ಉಸಿರಾಡುತ್ತಿದ್ದರೆ, ಪ್ರತಿ ಉಸಿರಿಗೂ ಬಾಲ ಮೇಲೆ ಕೆಳಗೆ ಆಡುತ್ತಿದ್ದರೆ, ತಕ್ಷಣ ಶುದ್ಧ ಗಾಳಿಗೆ ಒಯ್ದು ಹಕ್ಕಿ ನೋಡುವ ಪಶುವೈದ್ಯರಿಗೆ ತೋರಿಸಿ. ಹಕ್ಕಿಗಳು ಕಾಯಿಲೆ ಮುಚ್ಚಿಡುತ್ತವೆ, ಬೆಳಗಾಗಲಿ ಅಂತ ಕಾಯಬೇಡಿ.