ಲಂಡನ್ ನೋಡದವರು ಬರೆದ ಲಂಡನ್

ಪ್ರಶ್ನೆ: ಚೋರ್ ಬಜಾರಿನಲ್ಲಿ ಮೂರು ಹಾಳೆ ಜೋಡಿಸಿ ನೋಡುವ ಜಪಾನಿ ಚಿತ್ರವೊಂದು ಸಿಕ್ಕಿತು. ಹಡಗು, ಗೋಪುರ, ಎತ್ತರದ ಟೋಪಿಯ ಬಿಳಿಯರು. ‘ಲಂಡನ್, ನೂರ ಅರವತ್ತು ವರ್ಷ ಹಳೆಯದು’ ಅಂದರು ಅಂಗಡಿಯವರು. ನಂಬಬಹುದೇ?
– ಓದುಗರು, ಮಾಟುಂಗಾ

ಉತ್ತರ: ಇರಬಹುದು. 1859ರಲ್ಲಿ ಯೊಕೊಹಾಮಾ ಬಂದರು ವಿದೇಶಿಯರಿಗೆ ತೆರೆದದ್ದೇ ತಡ, ಇಂಥ ಮರದಚ್ಚಿನ ಚಿತ್ರಗಳಿಗೆ ಸುಗ್ಗಿ. ‘ಯೊಕೊಹಾಮಾ-ಎ’ ಎಂದೇ ಹೆಸರು. 1862ರಲ್ಲಿ ಚಿತ್ರಕಾರ ಯೊಶಿತೊರಾ ಲಂಡನ್ ಬಂದರನ್ನೂ ಬರೆದ. ಸಾಮಾನ್ಯ ಜಪಾನಿಯರು ದೇಶ ಬಿಡುವಂತಿರಲಿಲ್ಲ, ಆ ನಿಷೇಧ ಸಡಿಲಿದ್ದು 1866ರಲ್ಲಿ. ಹಾಗಾಗಿ ವಿದೇಶಿ ಸಚಿತ್ರ ಪತ್ರಿಕೆಗಳೇ ಈ ಚಿತ್ರಕಾರರಿಗೆ ಕಣ್ಣು. ಗೋಪುರ ವಿಚಿತ್ರವಾಗಿ ಕಂಡರೆ ಅದು ನಕಲಿಯ ಗುರುತಲ್ಲ.

ಮೊದಲು ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಹಿಡಿಯಿರಿ. ಬಣ್ಣ ಚುಕ್ಕಿ ಚುಕ್ಕಿಯಾಗಿ ಒಡೆದರೆ ಆಫ್‌ಸೆಟ್ ಮುದ್ರಣ, ಮಾತು ಮುಗಿಯಿತು. ಚುಕ್ಕಿಯಿಲ್ಲವೇ, ಹಾಳೆ ಮಗುಚಿ. ಮರದಚ್ಚಿನ ಬಣ್ಣ ಕಾಗದದ ಬೆನ್ನಿಗೂ ಇಳಿದಿರುತ್ತದೆ. ‘ಬಾರೆನ್’ ಎಂಬ ದುಂಡು ಒತ್ತುಗದಿಂದ ಉಜ್ಜಿದ ಸುತ್ತುಗೆರೆಗಳು ಓರೆ ಬೆಳಕಿನಲ್ಲಿ ಕಾಣುತ್ತವೆ. ಹಾಳೆಯೊಂದು ಸುಮಾರು 25×37 ಸೆಂ.ಮೀ. ಅಂಚು ಕತ್ತರಿಸಿದ್ದರೆ ಸ್ವಲ್ಪ ಕಡಿಮೆ. ಮೂರೂ ಬೇರೆ ಬೇರೆ ಹಾಳೆಗಳಾಗಿರಬೇಕು, ಅಕ್ಕಪಕ್ಕದ ನೀಲಿ ಕೊಂಚ ಹೆಚ್ಚುಕಡಿಮೆ ಇದ್ದರೆ ಒಳ್ಳೆಯದೇ. ಒಂದೇ ಉದ್ದ ಕಾಗದದಲ್ಲಿ ಮೂರೂ ಅಚ್ಚಾಗಿದ್ದರೆ ಅನುಮಾನಿಸಿ.

ಉಗುರಿಗಿಂತ ಚಿಕ್ಕ ದುಂಡು ಮುದ್ರೆಯೊಂದನ್ನು ಹುಡುಕಿ. ಸರ್ಕಾರದ ಪರಿಶೀಲನೆಯಾಯಿತು ಎಂಬ ಅಕ್ಷರದ ಜೊತೆ, ಜಪಾನಿ ಪಂಚಾಂಗದಲ್ಲಿ ಆ ವರ್ಷಕ್ಕೆ ಹೆಸರಾದ ಪ್ರಾಣಿಯ ಅಕ್ಷರವೂ ತಿಂಗಳೂ ಅದರಲ್ಲೇ ಇರುತ್ತವೆ: ಕೋತಿಯಾದರೆ 1860, ಹುಂಜವಾದರೆ 1861, ನಾಯಿಯಾದರೆ 1862. ಆದರೆ ಹೊಸದಾಗಿ ಮರ ಕೆತ್ತಿ ತೆಗೆದ ಮರುಮುದ್ರಣದಲ್ಲಿ ಮುದ್ರೆಯನ್ನೂ ಹಾಗೇ ಕೆತ್ತಿರುತ್ತಾರೆ. ಕಾಗದ, ಬಣ್ಣ, ಮುದ್ರೆ ಮೂರೂ ಒಂದೇ ಮಾತು ಹೇಳಬೇಕು.

ಪ್ರಶ್ನೆ: ಇಂಥದೇ ಚಿತ್ರಕ್ಕೆ ಚೌಕಟ್ಟು ಹಾಕಿಸಿದ್ದೆವು. ಎರಡು ಮಳೆಗಾಲಕ್ಕೇ ಕಂದು ಚುಕ್ಕೆ ಬಂದಿದೆ.
– ಓದುಗರು, ಡೊಂಬಿವಲಿ

ಉತ್ತರ: ಚಿತ್ರ ಗಾಜಿಗೆ ತಾಗಿಕೊಂಡೇ ಇತ್ತೇ? ಮಳೆ ಹೊಡೆಯುವ ಹೊರಗೋಡೆಯ ಮೇಲಿತ್ತೇ? ಬಹುಮಟ್ಟಿಗೆ ಕಾರಣ ಇವೆರಡೇ, ಮೂರನೆಯದು ಹಿಂದಿನ ಅಗ್ಗದ ರಟ್ಟಿನ ಆಮ್ಲ. ಆಮ್ಲರಹಿತ ರಟ್ಟಿನಲ್ಲಿ ಚಿತ್ರ ಕಾಣುವಷ್ಟು ಕಿಟಕಿ ಕತ್ತರಿಸಿ ನಡುವೆ ಇಟ್ಟು ಗಾಜಿನಿಂದ ಮೂರು ಮಿಲಿಮೀಟರಾದರೂ ದೂರ ಮಾಡಿಸಿ. ಸೆಲ್ಲೋಟೇಪು ಬೇಡವೇ ಬೇಡ. ಮೇಲಂಚಿಗೆ ಮಾತ್ರ, ತೆಳು ಜಪಾನಿ ಕಾಗದದ ಎರಡು ಪಟ್ಟಿ, ಗೋಧಿಗಂಜಿಯ ಅಂಟು ಸಾಕು. ಒಳಗೋಡೆಗೆ ತೂಗುಹಾಕಿ, ಚೌಕಟ್ಟಿನ ಹಿಂದೆ ಕಾರ್ಕ್ ಬಿರಡೆಯ ತುಂಡು ಅಂಟಿಸಿ ಗಾಳಿಯಾಡಲು ಬಿಡಿ. ಬಿಸಿಲು ಬೀಳಲೇಬಾರದು, ಹಳೆಯ ನೇರಳೆ ಬಣ್ಣ ಮೊದಲು ಹೋಗುತ್ತದೆ.

ಬಂದ ಚುಕ್ಕೆಗೆ ಬ್ಲೀಚು ಹಚ್ಚುವ ಸಲಹೆಯನ್ನು ಕೇಳಬೇಡಿ, ಬಣ್ಣವೂ ಅದರೊಡನೆ ಹೋದೀತು. ಕಾಗದ ಸಂರಕ್ಷಣೆ ಬಲ್ಲವರಿಗೇ ತೋರಿಸಿ.