ಆ್ಯಪ್‌ನಲ್ಲಿ ಪರಿಚಯವಾದ ಜಪಾನಿ ಹುಡುಗ ‘ಮದುವೆಯಾದ ಮೇಲೆ ನಿನಗೆ ಅರೆಕಾಲಿಕ ಕೆಲಸ ಸಾಕು’ ಎನ್ನುತ್ತಾರೆ. ಒಪ್ಪಬಹುದೇ? ಅವರು ಹೊಸ ಕಾಲದವರೇ?

ಒಪ್ಪಬೇಡಿ. ನಾನೂ ಹೀಗೆಯೇ ದಾವಣಗೆರೆಯಿಂದ ಕೆಲಸಕ್ಕೆಂದು ಯೊಕೊಹಾಮಾಗೆ ಬಂದು, ಆ್ಯಪ್‌ನಲ್ಲೇ ವರನನ್ನು ಹುಡುಕಿಕೊಂಡವಳು. ಆ್ಯಪ್‌ನಲ್ಲಿ ನನ್ನ ಗಂಡ ಕೊಟ್ಟ ಪರಿಚಯದಲ್ಲಿ ‘ಮನೆಗೆಲಸ, ಮಕ್ಕಳ ಪಾಲನೆಯಲ್ಲಿ ಉತ್ಸಾಹದಿಂದ ಭಾಗವಹಿಸುವೆ’ ಎಂದು ಬರೆದಿತ್ತು. ಅದು ಸುಳ್ಳೇನೂ ಅಲ್ಲ. ಭಾನುವಾರ ಸ್ನಾನದ ತೊಟ್ಟಿ ಉಜ್ಜುತ್ತಾರೆ, ಕಸ ವಿಂಗಡಿಸಿ ಹೊರಗಿಡುತ್ತಾರೆ. ಆದರೆ ರಾತ್ರಿ ಹತ್ತಕ್ಕೆ ಮನೆ ಸೇರುವ ಮನುಷ್ಯ ಇನ್ನೆಷ್ಟು ಮಾಡಿಯಾರು? 2021ರ ಜಪಾನ್ ಸರ್ಕಾರದ ಸಮೀಕ್ಷೆಯಲ್ಲಿ, ಆರು ವರ್ಷದೊಳಗಿನ ಮಕ್ಕಳಿರುವ ಮನೆಗಳಲ್ಲಿ ಹೆಂಡತಿ ದಿನಕ್ಕೆ ಸರಾಸರಿ 7 ಗಂಟೆ 28 ನಿಮಿಷ ಮನೆ, ಮಕ್ಕಳೆಂದು ದುಡಿದರೆ ಗಂಡ ದುಡಿದದ್ದು 1 ಗಂಟೆ 54 ನಿಮಿಷ.

ನಾನು ಎಡವಿದ್ದು ಗಂಡನ ಆಯ್ಕೆಯಲ್ಲಲ್ಲ, ರಾಜೀನಾಮೆಯಲ್ಲಿ. ಮಗುವಾದ ವರ್ಷ ಅವರಿಗೆ ದೂರದ ಫುಕುವೊಕಾ ನಗರಕ್ಕೆ ವರ್ಗವಾಯಿತು. ಕಾಯಂ ಕೆಲಸ ಬಿಟ್ಟು ಬೆನ್ನಿಗೇ ಹೊರಟೆ. ಲೆಕ್ಕವೂ ಚೆನ್ನಾಗಿಯೇ ಕಂಡಿತು. ಕಂಪನಿ ನೌಕರನ ಹೆಂಡತಿ ವರ್ಷಕ್ಕೆ 13 ಲಕ್ಷ ಯೆನ್‌ಗಿಂತ ಕಡಿಮೆ ದುಡಿದರೆ ಸಾಮಾನ್ಯವಾಗಿ ಪಿಂಚಣಿಯ, ಆರೋಗ್ಯ ವಿಮೆಯ ಕಂತನ್ನು ತಾನು ಕಟ್ಟಬೇಕಿಲ್ಲ. ಉಳಿಯುವ ಕಂತನ್ನು ಎಣಿಸಿದೆನೇ ಹೊರತು ಕಳೆದುಕೊಳ್ಳುವ ಬಡ್ತಿ, ಬೋನಸ್, ಮುಪ್ಪಿನಲ್ಲಿ ಸಿಗಬಹುದಾಗಿದ್ದ ದೊಡ್ಡ ಪಿಂಚಣಿಯನ್ನು ಎಣಿಸಲಿಲ್ಲ. ಹೆರಿಗೆ ರಜೆ, ಶಿಶುಪಾಲನಾ ರಜೆ ಕಾನೂನಿನಲ್ಲೇ ಇವೆ. ಅವನ್ನು ತೆಗೆದುಕೊಂಡು ಯೊಕೊಹಾಮಾದಲ್ಲೇ ಉಳಿಯಬಹುದಿತ್ತು. ಅವರು ಒಬ್ಬರೇ ಹೋಗಬಹುದಿತ್ತು. ಇಲ್ಲಿ ಎಷ್ಟೋ ಗಂಡಸರು ವರ್ಗವಾದಾಗ ಹಾಗೆಯೇ ಹೋಗುತ್ತಾರೆ. ಮಗು ಶಾಲೆಗೆ ಸೇರಿದ ಮೇಲೆ ಮತ್ತೆ ಕಾಯಂ ಕೆಲಸ ಕೇಳಿದರೆ, ಹೋದಲ್ಲೆಲ್ಲ ‘ನಡುವೆ ಇಷ್ಟು ವರ್ಷ ಏನು ಮಾಡುತ್ತಿದ್ದಿರಿ?’ ಎಂಬ ಒಂದೇ ಪ್ರಶ್ನೆ.

ಕೊನೆಗೆ ಸೂಪರ್‌ಮಾರ್ಕೆಟ್ಟಿನ ಬೆಂತೊ (ಡಬ್ಬಿ ಊಟ) ವಿಭಾಗಕ್ಕೆ ಸೇರಿದೆ. ಡಿಸೆಂಬರ್‌ನಲ್ಲಿ ವ್ಯಾಪಾರ ಏರುವ ಹೊತ್ತಿಗೇ ಅಲ್ಲಿನ ಹೆಂಗಸರು ಪಾಳಿಪಟ್ಟಿಯ ಮುಂದೆ ನಿಂತು ಕ್ಯಾಲ್ಕುಲೇಟರ್ ಒತ್ತುತ್ತಾರೆ, ‘ಈ ವಾರ ನನಗೆ ಎರಡು ಪಾಳಿ ಕಡಿಮೆ ಮಾಡಿ’ ಎಂದು ಕೇಳುತ್ತಾರೆ. ವರ್ಷದ ಆದಾಯ ಮಿತಿ ಮೀರಿ ಕಂತು ಕಟ್ಟಬೇಕಾದೀತೆಂಬ ಭಯ. ಸಮಾನ ಉದ್ಯೋಗಾವಕಾಶದ ಕಾನೂನೂ ಪಿಂಚಣಿ ಕಂತಿನ ಈ ವಿನಾಯಿತಿಯೂ ಜಾರಿಗೆ ಬಂದದ್ದು ಒಂದೇ ತಿಂಗಳು, 1986ರ ಏಪ್ರಿಲ್‌ನಲ್ಲಿ. ಹೆಂಗಸರನ್ನು ಕಚೇರಿಗೆ ಕರೆದವರೇ ಮನೆಯಲ್ಲಿ ಉಳಿದರೆ ಲಾಭವೆಂದೂ ಹೇಳಿದರು. ನನಗೆ ಇದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಹಾಗಾಗಿ ಅವರು ಹೊಸ ಕಾಲದವರೋ ಅಲ್ಲವೋ ಎಂದು ನೀವು ಅಳೆಯುತ್ತಿರುವುದೇ ತಪ್ಪು. ನನ್ನ ಗಂಡ ಹೊಸ ಕಾಲದವರೇ, ಅವರ ಕಂಪನಿಯಲ್ಲ. ಮುಂದಿನ ಭೇಟಿಯಲ್ಲಿ ‘ನಿಮಗೆ ವರ್ಗವಾದರೆ ನಾನು ಕೆಲಸ ಬಿಡುವುದಿಲ್ಲ, ಆಗ ಏನು ಮಾಡುತ್ತೀರಿ?’ ಎಂದು ನೇರವಾಗಿ ಕೇಳಿ. ‘ಆಗ ನೋಡೋಣ’ ಎಂದರೆ ಮದುವೆಯ ದಿನ ಗೊತ್ತುಮಾಡಬೇಡಿ.